ರೆಕ್ಕೆಗೆ ಇಟ್ಟ ಕುಂಕುಮ

ಆಸ್ಟ್ರೇಲಿಯಾದ ಪರ್ತ್‌ನ ವಿಮಾನ ಸಂಗ್ರಹಾಲಯದಲ್ಲಿದ್ದೇವೆ. ನನ್ನ ತಮ್ಮ ರಘು ಆಸ್ಪತ್ರೆಯ ಕೆಲಸಕ್ಕೆ ರಜೆಯಿದ್ದಾಗಲೆಲ್ಲ ಸ್ವಯಂಸೇವಕನಾಗಿ ಇಲ್ಲಿಗೆ ಬಂದು, ಬಟ್ಟೆಯ ಜೋಡಿ ರೆಕ್ಕೆಗಳ ಹಳೆಯ ಯುದ್ಧವಿಮಾನವನ್ನು ಜನರಿಗೆ ತೋರಿಸುತ್ತಾನೆ.

"ಯುದ್ಧದಲ್ಲಿ ಗುಂಡು ತಿಂದಿದೆ, ಆಮೇಲೆ ಹುಡುಗರಿಗೆ ಹಾರೋದು ಕಲಿಸ್ತು, ಕೊನೆಗೆ ಟಪಾಲು ಹೊತ್ತಿದೆ. ತೇಪೆಗಳೂ ಆಗಿನವೇ. ಮುಟ್ಬೇಡ ಅಕ್ಕ, ನನಗಿಂತ ಸೀನಿಯರ್ ಇದು!"

ಇವತ್ತು ಆಯುಧಪೂಜೆ. ಬೆಳಿಗ್ಗೆ ಅವನ ಕಾರಿಗೆ ಹಚ್ಚಿ ಉಳಿದ ಕುಂಕುಮ ನನ್ನ ಚೀಲದಲ್ಲಿತ್ತು. ಇಷ್ಟು ದುಡಿದ ಜೀವಕ್ಕೆ ಒಂದು ಬೊಟ್ಟೂ ಇಲ್ಲವೇ ಎನಿಸಿತು. ಅವನು ಅತ್ತ ತಿರುಗಿದಾಗ ಬೆರಳು ಒದ್ದೆಮಾಡಿ ರೆಕ್ಕೆಯ ಒಂದು ತೇಪೆಗೆ ಇಟ್ಟುಬಿಟ್ಟೆ. ಹೆದರಿ ಒರೆಸಿದೆ, ಕೆಂಪು ಇನ್ನಷ್ಟು ಹರಡಿತು.

ಮೇಲ್ವಿಚಾರಕಿ ಓಡಿಬಂದು, ಯಾರು ಮಾಡಿದ್ದೆಂದು ಇಂಗ್ಲಿಷಿನಲ್ಲಿ ಕೇಳಿದಳು. ರಘು ನನ್ನ ಬೆರಳು ನೋಡಿದ. ತಾನೇ ಎಂದ. ಸ್ವಯಂಸೇವಕನ ಬ್ಯಾಡ್ಜ್ ಬಿಚ್ಚಿಕೊಡುವಂತೆ ಅವಳು ಕೈ ಚಾಚಿದಳು.

ನನಗೆ ಬರುವ ನಾಲ್ಕು ಇಂಗ್ಲಿಷ್ ಮಾತುಗಳಲ್ಲಿ ಸಾರಿ ಎನ್ನುವುದೂ ಒಂದು. ಅದನ್ನೂ ಆಡದೆ, ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತೆ.