ಪುಕ್ಕಲು ಮೇಡಂ ಜೊತೆ ಬೆಂಗಳೂರಿಗೆ

ಹೆದರಿಕೆಯಾದಾಗಲೆಲ್ಲ ನಮ್ಮ ಇತಿಹಾಸದ ಮೇಡಂ ಸೆರಗಿನ ತುದಿಯನ್ನು ಬಲಗೈ ತೋರುಬೆರಳಿಗೆ ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದರು. ಸುತ್ತಿ ಸುತ್ತಿ ಬೆರಳ ತುದಿ ಕೆಂಪಾಗಿ, ಆಮೇಲೆ ಬಿಳಿಚಿಕೊಳ್ಳುತ್ತಿತ್ತು. ಅವರು ಹೆದರದ ವಸ್ತು ಹೊನ್ನಾಳಿಯಲ್ಲಿ ಇತ್ತೋ ಇಲ್ಲವೋ ನಾನು ಕಾಣೆ. ಬೀದಿನಾಯಿ, ಹಲ್ಲಿ, ಗುಡುಗು, ಪ್ರಿನ್ಸಿಪಾಲರ ಕೆಮ್ಮು, ಬಸ್‌ಸ್ಟ್ಯಾಂಡಿನ ನೂಕುನುಗ್ಗಲು. ಊರಿಗೆ ಹೋಗುತ್ತೇನೆಂದು ಹೊರಟವರು ರಶ್ಶು ನೋಡಿ ಬ್ಯಾಗು ಹಿಡಿದು ವಾಪಸ್ ಬಂದುಬಿಡುತ್ತಿದ್ದರು. ಜೂನಿಯರ್ ಕಾಲೇಜಿನ ಹುಡುಗರು ಅವರಿಗೆ ಪುಕ್ಕಲು ಮೇಡಂ ಎಂದು ಹೆಸರಿಟ್ಟಿದ್ದರು. ಅದು ಅವರಿಗೂ ಗೊತ್ತಿತ್ತು, ಆದರೆ ಹುಡುಗರನ್ನು ಗದರಿಸಲೂ ಅವರಿಗೆ ಹೆದರಿಕೆಯೇ.

ನನಗೆ ಇದ್ದದ್ದು ಒಂದೇ ಹೆದರಿಕೆ, ಅಚ್ಚಾದ ಪುಟದ್ದು. ಕಣ್ಣಿಟ್ಟು ನೋಡಿದರೆ ಅಕ್ಷರಗಳು ಒಂದರ ಮೇಲೊಂದು ಬಿದ್ದು ಸಾಲೇ ತಪ್ಪಿಹೋಗುತ್ತಿತ್ತು. ಒಂದು ಪುಟ ಓದುವಷ್ಟರಲ್ಲಿ ಬೆವತುಹೋಗುತ್ತಿದ್ದೆ. ಆದರೆ ಕಿವಿಗೆ ಬಿದ್ದದ್ದು ಮರೆಯುತ್ತಿರಲಿಲ್ಲ. ಗೆಳತಿಯರು ಗಟ್ಟಿಯಾಗಿ ಓದುವಾಗ ಪಕ್ಕದಲ್ಲಿ ಕೂತು ಕೇಳಿಸಿಕೊಂಡು, ಬರೆದದ್ದು ಯಾರಿಗೂ ಅರ್ಥವಾಗದಂತೆ ಬರೆದು, ಅಂತೂ ಇಂತೂ ಎಸ್ಸೆಸ್ಸೆಲ್ಸಿ ದಾಟಿದ್ದೆ. ನಾನು ದಡ್ಡಿ, ಒಂದಲ್ಲ ಒಂದು ದಿನ ಎಲ್ಲರಿಗೂ ಗೊತ್ತಾಗುತ್ತದೆ ಎಂಬ ಭಯದಲ್ಲೇ ದಿನ ದೂಡುತ್ತಿದ್ದೆ.

ಎರಡನೇ ಪಿಯುಸಿಯ ಶ್ರಾವಣದಲ್ಲಿ ಅದು ಒಬ್ಬರಿಗೆ ಗೊತ್ತಾಯಿತು. ನಮ್ಮ ಬೀದಿಯ ಮಠದಲ್ಲಿ ತಿಂಗಳಿಡೀ ಪುರಾಣ ನಡೆಯುತ್ತಿತ್ತು. ಒಬ್ಬರು ಪದ್ಯ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ಒಂದು ಸಂಜೆ ಓದುವವರಿಗೆ ಜ್ವರ. ಕಾಲೇಜು ಓದುವ ಹುಡುಗಿ ಇದ್ದಾಳಲ್ಲ ಎಂದು ಹೆಂಗಸರೆಲ್ಲ ನನ್ನನ್ನು ಮುಂದೆ ತಳ್ಳಿದರು. ಚಿಕ್ಕಂದಿನಿಂದ ಅಜ್ಜಿಯ ಪಕ್ಕ ಕೂತು ಕೇಳಿದ್ದರಿಂದ ಶ್ರಾವಣದ ಯಾವ ದಿನ ಯಾವ ಸಂಧಿ ಬರುತ್ತದೆಂದು ಗೊತ್ತಿತ್ತು. ಪುಸ್ತಕ ತೆರೆದಿಟ್ಟುಕೊಂಡು ಬಾಯಿಪಾಠ ಒಪ್ಪಿಸಿದೆ. ಆ ವರ್ಷ ಪುರಾಣ ತಡವಾಗಿ ಶುರುವಾಗಿದೆ, ಕಥೆ ಇನ್ನೂ ಅಲ್ಲಿಗೆ ಬಂದಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಹಿಂದಿನ ದಿನದವರೆಗೂ ಕಥೆಯಲ್ಲಿ ಮದುವೆಯೇ ಆಗಿರದ ಶರಣ-ಶರಣೆಗೆ ನಾನು ತೊಟ್ಟಿಲು ಕಟ್ಟಿಸಿಬಿಟ್ಟೆ. ಅರ್ಥ ಹೇಳುವ ಅಯ್ಯನವರು ಒಂದು ಕ್ಷಣ ನನ್ನ ಮುಖ ನೋಡಿ, ತಾವೇ ಮರೆತಿರಬೇಕೆಂದುಕೊಂಡು ತೊಟ್ಟಿಲಿನ ಅರ್ಥವನ್ನೇ ಹೇಳಿದರು. ಹೆಂಗಸರು ಮುಸಿಮುಸಿ ನಕ್ಕರು. ನಗದೆ ಕೂತಿದ್ದವರು ಪುರಾಣ ಕೇಳಲು ಬಂದಿದ್ದ ಮೇಡಂ ಒಬ್ಬರೇ.

ಮರುದಿನ ಕ್ಲಾಸು ಬಿಟ್ಟ ಮೇಲೆ ಅವರು ನನ್ನನ್ನು ನಿಲ್ಲಿಸಿಕೊಂಡರು. "ಅಷ್ಟು ಹೊತ್ತು ಓದಿದೆ, ಒಂದು ಹಾಳೆನೂ ತಿರುವಲಿಲ್ಲ. ನಿಂಗೆ ಓದಾಕೆ ಕಷ್ಟ ಐತೆ, ಹೌದಲ್ಲ?"

ನನಗೆ ಅಳು ಬಂತು. "ಯಾರಿಗೂ ಹೇಳಬ್ಯಾಡ್ರಿ ಮೇಡಂ."

"ಹೇಳಾಕೆ ನಂಗೂ ಹೆದರಿಕೆನೇ. ಸಂಜೆ ಮನೆಗೆ ಬಾ. ನಾನು ಓದ್ತೀನಿ, ನೀನು ಕೇಳು."

ವರ್ಷವಿಡೀ ಅವರು ಓದಿದರು, ನಾನು ಕೇಳಿದೆ, ಪಿಯುಸಿ ಪಾಸಾಯಿತು. ಬಿಎ ಓದಬೇಕೆಂಬ ಆಸೆಯೂ ಹುಟ್ಟಿತು. ಆಗ ಮೇಡಂ ನಮ್ಮಪ್ಪನ ಕಾಳಿನ ಅಂಗಡಿಗೆ ಬಂದರು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯಲ್ಲಿ ಇಂಥ ತೊಂದರೆಯನ್ನು ಪರೀಕ್ಷೆ ಮಾಡುತ್ತಾರೆ, ಡಿಗ್ರಿಗೆ ಸೇರುವ ಮೊದಲು ತೋರಿಸೋಣ ಎಂದರು. ಇದನ್ನು ಹೇಳಲು ಧೈರ್ಯ ತಂದುಕೊಳ್ಳುವುದಕ್ಕೆ ಅವರಿಗೆ ಅಷ್ಟು ತಿಂಗಳು ಹಿಡಿದಿತ್ತು.

ಅಪ್ಪ ತಕ್ಕಡಿ ಕೆಳಗಿಟ್ಟರು. "ಹುಚ್ಚರ ಆಸ್ಪತ್ರೆಗೆ ಹೋಗಿ ಬಂದೋಳು ಅಂದ್ರೆ ನಾಳೆ ಇವಳನ್ನ ಯಾರು ಮಾಡ್ಕೊಳ್ಳಾಕೆ ಬರ್ತಾರ್ರಿ?"

"ಡಿಗ್ರೀಲಿ ನಾನು ಪಕ್ಕದಾಗೆ ಇರಲ್ಲ ಅಣ್ಣಾರೆ," ಎಂದರು ಮೇಡಂ. ಸೆರಗಿನ ತುದಿ ಆಗಲೇ ಬೆರಳಿಗೆ ಸುತ್ತಿತ್ತು. "ಏನು ತೊಂದರೆ ಅಂತ ಗೊತ್ತಾಗದಿದ್ರೆ ಮೊದಲನೇ ವರ್ಷಕ್ಕೇ ಫೇಲಾಗಿ ಮನೆಗೆ ಬರ್ತಾಳೆ. ಆಮೇಲೆ ದಡ್ಡಿ ಅಂತ ಇವಳೇ ನಂಬಿಬಿಡ್ತಾಳೆ."

ಕಣ್ಣು ತೋರಿಸಲು ಹೋಗುತ್ತಿದ್ದೇವೆಂದು ಬೀದಿಗೆಲ್ಲ ಹೇಳಿ ಅವ್ವ, ನಾನು, ಮೇಡಂ ಬಸ್ಸು ಹತ್ತಿದೆವು. ಮೇಡಂಗೆ ಬಸವಾಪಟ್ಟಣದ ಒಬ್ಬ ಮೇಷ್ಟ್ರ ಜೊತೆ ಮದುವೆ ಗೊತ್ತಾಗಿತ್ತು. ಮೂವತ್ತು ದಾಟಿದ ಮೇಲೆ ಕೂಡಿಬಂದ ಸಂಬಂಧ. ದಾರಿಯುದ್ದಕ್ಕೂ ಅವ್ವ ಆ ಮಾತೆತ್ತಿ ರೇಗಿಸಿದಳು. ಅವಳಿಗೂ ಹೆದರಿಕೆ, ಅದಕ್ಕೇ ಅಷ್ಟು ಮಾತು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಕೂತ ಹೊತ್ತು ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ಎಲ್ಲೋ ಒಳಗೆ ಯಾರೋ ಒಂದೇ ಹೆಸರನ್ನು ಕೂಗುತ್ತಿದ್ದರು. ಕಸ ಗುಡಿಸುತ್ತಿದ್ದ ಆಯಾ ಮೇಡಂ ಮುಖ ನೋಡಿ, "ಚೆನ್ನಾಗಿದೀರಾ ಅಮ್ಮ? ಬಹಳ ದಿನ ಆಯ್ತು" ಎಂದಳು. ಮೇಡಂ ತಲೆಯಾಡಿಸಿದರು. ಅವ್ವ ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ಡಾಕ್ಟರಮ್ಮ ನನ್ನೊಬ್ಬಳನ್ನೇ ಒಳಗೆ ಕರೆದು ಬಾಗಿಲು ಹಾಕಿದಾಗ, ಇನ್ನು ನನ್ನನ್ನು ಇಲ್ಲೇ ಇಟ್ಟುಕೊಳ್ಳುತ್ತಾರೆ ಎಂದೇ ನಂಬಿದೆ. ಓದಿಸಿದರು, ಬರೆಸಿದರು, ಮರದ ತುಂಡು ಜೋಡಿಸಲು ಹೇಳಿದರು, ಅಂಕಿಗಳನ್ನು ಹಿಂದುಮುಂದಾಗಿ ಹೇಳಿಸಿದರು. ಮಧ್ಯಾಹ್ನದ ಹೊತ್ತಿಗೆ ಅವ್ವನನ್ನೂ ಮೇಡಂನನ್ನೂ ಕರೆಸಿದರು.

"ನಿಮ್ಮ ಮಗಳು ಬುದ್ಧಿವಂತೆ," ಎಂದರು. "ಅಕ್ಷರ ಗುರುತಿಸೋದು ಮಾತ್ರ ಅವಳಿಗೆ ಕಷ್ಟ. ಇದಕ್ಕೆ ಡಿಸ್ಲೆಕ್ಸಿಯಾ ಅಂತಾರೆ."

"ಅದಕ್ಕೆ ಗುಳಿಗೆ ಏನು ಕೊಡ್ತೀರಿ?" ಎಂದು ಅವ್ವ ಕೇಳಿದಳು. ಗುಳಿಗೆ ಇಲ್ಲ ಎಂದದ್ದು ಅವಳಿಗೆ ಸರಿಬರಲಿಲ್ಲ. ಅಷ್ಟು ದೂರ ಬಂದು ಬರಿಗೈಲಿ ಹೋಗುವುದೇ? ರಟ್ಟಿನಲ್ಲಿ ಕಿಂಡಿ ಕೊರೆದು ಒಂದೊಂದೇ ಸಾಲು ಓದುವುದು, ಪಾಠವನ್ನು ಕೇಳಿ ಕಲಿಯುವುದು, ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳುವುದು, ಇವನ್ನೆಲ್ಲ ಡಾಕ್ಟರಮ್ಮ ಹೇಳಿಕೊಟ್ಟು ಒಂದು ಸರ್ಟಿಫಿಕೇಟನ್ನೂ ಬರೆದುಕೊಟ್ಟರು.

ಮೇಡಂ ಜೊತೆ ಬಿಎ ಸೀಟು ಕೇಳಲು ಹೋದಾಗ ದಾವಣಗೆರೆಯ ಕಾಲೇಜಿನ ಪ್ರಿನ್ಸಿಪಾಲರು ಆ ಸರ್ಟಿಫಿಕೇಟಿನ ಮೇಲಿದ್ದ ಆಸ್ಪತ್ರೆಯ ಹೆಸರಿನಿಂದ ಮುಂದಕ್ಕೆ ಓದಲೇ ಇಲ್ಲ. ಕೋಣೆಯಲ್ಲಿ ತಮ್ಮ ಮಕ್ಕಳ ಸೀಟಿಗಾಗಿ ಬಂದ ಹೊನ್ನಾಳಿಯ ಇಬ್ಬರು ತಂದೆಯರೂ ಕೂತಿದ್ದರು.

"ಅಲ್ಲಿಗೆ ಹೋಗಿ ಬಂದವರನ್ನ ಕ್ಲಾಸಿನಲ್ಲಿ ಕೂರಿಸಿಕೊಂಡ್ರೆ ಉಳಿದ ಮಕ್ಕಳ ಗತಿ ಏನಮ್ಮ?" ಎಂದರು ಪ್ರಿನ್ಸಿಪಾಲರು.

ನಾನು ಹೊರಗೆ ಹೋಗಲು ಎದ್ದು ನಿಂತೆ. ಮೇಡಂ ಆ ಇಬ್ಬರ ಕಡೆ ನೋಡಿದರು. ಸೆರಗು ಬೆರಳಿಗೆ ಸುತ್ತಿಯೇ ಇತ್ತು.

"ನಾನೂ ಅಲ್ಲಿಗೆ ಹೋದೋಳೇ ಸಾರ್," ಎಂದರು. "ಹೆದರಿಕೆ ಕಾಯಿಲೆಗೆ. ಈಗಲೂ ಗುಳಿಗೆ ತಗೋತೀನಿ. ಹೊನ್ನಾಳಿಯಿಂದ ನಿಮ್ಮ ಕಾಲೇಜಿಗೆ ಬರೋ ಮಕ್ಕಳಿಗೆಲ್ಲ ಇತಿಹಾಸ ಪಾಠ ಮಾಡಿರೋದು ನಾನೇ. ಅವರಿಗೆ ಏನಾಗೈತೆ ಹೇಳ್ರಿ."

ಪ್ರಿನ್ಸಿಪಾಲರು ಸರ್ಟಿಫಿಕೇಟನ್ನು ಮತ್ತೆ ಕೈಗೆ ತೆಗೆದುಕೊಂಡು ಈ ಸಲ ಪೂರ್ತಿ ಓದಿದರು. ಸೀಟು ಸಿಕ್ಕಿತು. ಪರೀಕ್ಷೆಯಲ್ಲಿ ಹೆಚ್ಚು ಸಮಯ ಮೊದಲ ವರ್ಷ ಸಿಗಲಿಲ್ಲ. ಎರಡನೇ ವರ್ಷ ಆ ಪ್ರಿನ್ಸಿಪಾಲರೇ ವಿಶ್ವವಿದ್ಯಾಲಯಕ್ಕೆ ಓಡಾಡಿ ಅರ್ಧ ಗಂಟೆ ಕೊಡಿಸಿದರು. ಬಿಎ ಮುಗಿಯಿತು, ಆಮೇಲೆ ನಾನೂ ಮೇಡಂ ಆದೆ. ಇವತ್ತಿಗೂ ರಟ್ಟಿನ ಕಿಂಡಿಯಲ್ಲೇ ಓದುತ್ತೇನೆ.

ಅವತ್ತು ಮೇಡಂ ಆಡಿದ ಮಾತು ಮಾತ್ರ ನಮಗಿಂತ ಮೊದಲೇ ಹೊನ್ನಾಳಿ ಮುಟ್ಟಿತ್ತು. ಪುಕ್ಕಲು ಮೇಡಂ ಹುಚ್ಚು ಮೇಡಂ ಆದರು. ಬಸವಾಪಟ್ಟಣದವರು ಸಂಬಂಧ ಬೇಡವೆಂದು ಹೇಳಿ ಕಳಿಸಿದರು. ಅವ್ವ ಇದನ್ನು ನನ್ನಿಂದ ಮುಚ್ಚಿಟ್ಟಿದ್ದಳು. ನನಗೆ ತಿಳಿಯುವ ಹೊತ್ತಿಗೆ ಮೇಡಂ ವರ್ಗವಾಗಿ ಜಗಳೂರಿಗೆ ಹೋಗಿದ್ದರು.

ನೋಡಲು ಹೋದೆ. ಬಾಡಿಗೆ ಮನೆ, ಒಬ್ಬರೇ. ನನ್ನಿಂದ ನಿಮ್ಮ ಮದುವೆ ತಪ್ಪಿತಲ್ಲ ಮೇಡಂ ಎಂದು ಅತ್ತೆ.

ಅವರು ಒಲೆಯ ಮೇಲಿಂದ ಚಹಾ ಇಳಿಸುತ್ತಾ ನಕ್ಕರು. "ಹೇಳದೆ ಮದುವೆ ಆಗಿದ್ರೆ ಗುಳಿಗೆ ಬಚ್ಚಿಡಾಕೆ ದಿನಾ ಹೆದರಬೇಕಿತ್ತು ಕಣೇ. ಅವತ್ತು ಒಂದೇ ಸಲಕ್ಕೆ ಹೆದರಿ ಮುಗಿಸಿದೆ."

ಅವರು ತೀರಿಕೊಂಡು ಎಷ್ಟೋ ವರ್ಷಗಳಾದವು. ಆ ಮಾತು ನಿಜವೋ, ನನ್ನ ಎದೆ ಹಗುರಾಗಲಿ ಎಂದು ಆಡಿದ್ದೋ, ನನಗೆ ತಿಳಿಯದು. ಅವರಿದ್ದಷ್ಟು ದಿನ ಎಷ್ಟೋ ಸಲ ಅವರ ಮನೆಯಲ್ಲಿ ಉಂಡು, ಮಲಗಿ, ಎದ್ದು ಬಂದಿದ್ದೇನೆ. ಕೇಳುವ ಧೈರ್ಯ ನನಗೆ ಒಮ್ಮೆಯೂ ಬರಲಿಲ್ಲ.