ಕುಕ್ಕರಗಾಲಲ್ಲಿ ಕೂರಬಾರದಂತೆ

ನನ್ನ ಕಾಲು ಮುರಿದದ್ದು ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ. ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದು ಕೈಯಲ್ಲಿ ಬಸ್ಸಿನ ಕಂಬಿ. ಇಳಿಯುವಾಗ ಹಿಂದಿನವನು ನೂಕಿದ. ಮೊಣಕಾಲಿನ ಕೆಳಗಿನ ಮೂಳೆ ಹೋಯಿತು. ಜನ ನನ್ನನ್ನು ಎತ್ತುವ ಮೊದಲು ಉರುಳಿದ ಟೊಮೇಟೊ ಆರಿಸಿದರು. ಆರಿಸಿ ನನಗೇ ಕೊಟ್ಟರು ಅಂತ ತಿಳಿಯಬೇಡಿ.

ಆಗ ನಾನು ಜೀವನ್ ಬಿಮಾ ನಗರದ ಒಂದು ಮನೆಯಲ್ಲಿ ಅಡುಗೆ ಮಾಡುತ್ತಿದ್ದೆ. ವಿಮಾನಗಳು ಇನ್ನೂ ಆ ಕಡೆಯ ಹಳೇ ಏರ್‌ಪೋರ್ಟಿನಲ್ಲೇ ಇಳಿಯುತ್ತಿದ್ದ ಕಾಲ. ನಮ್ಮದು ರಾಯಚೂರು ಸೀಮೆ, ಮಗ ಗಾರೆ ಕೆಲಸದವನು. ಹಲಸೂರಿನ ವಠಾರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆವು. ಅದರಲ್ಲಿ ಮಗ, ಸೊಸೆ, ಮೊಮ್ಮಗಳು, ನಾನು. ಹಿತ್ತಲಲ್ಲಿ ನಾಲ್ಕು ಮನೆಗೆ ಸೇರಿ ಒಂದು ಕಕ್ಕಸು.

ಪ್ಲಾಸ್ಟರ್ ಬಿಚ್ಚಿದಾಗ ಮೊಣಕಾಲು ಮಡಚಲೇ ಇಲ್ಲ. ಮೂಳೆ ಚೆನ್ನಾಗಿ ಕೂಡಿದೆ, ಇನ್ನು ಫಿಸಿಯೋ ಮಾಡಿಸಿ ಎಂದರು ಆಸ್ಪತ್ರೆಯ ಡಾಕ್ಟರು. ಕೂಡಿ ಏನು ಬಂತು? ಮಗ ಒಂದು ಪ್ಲಾಸ್ಟಿಕ್ ಕುರ್ಚಿಯ ನಡುವೆ ಕೊಯ್ದು, ಕೆಳಗೆ ಬಕೆಟ್ ಇಟ್ಟು, ಮೂಲೆಗೆ ಹಳೇ ಸೀರೆ ಅಡ್ಡ ಕಟ್ಟಿದ್ದ. ಸೀರೆಯ ಈ ಕಡೆ ನಾನು ಕೂತಿದ್ದರೆ ಆ ಕಡೆ ಸೊಸೆ ರೊಟ್ಟಿ ಬಡಿಯುತ್ತಿದ್ದಳು. ಬಕೆಟ್ ಎತ್ತಿಕೊಂಡು ಹೋಗಬೇಕಾದವಳೂ ಅವಳೇ. ಒಂದು ಮಾತು ಆಡಲಿಲ್ಲ. ಆಡಿದ್ದರೆ ಜಗಳವಾದರೂ ಮಾಡಬಹುದಿತ್ತು. ನನಗೆ ಓಡುವುದು, ಬೆಟ್ಟ ಹತ್ತುವುದು ಏನೂ ಬೇಕಿರಲಿಲ್ಲ. ಕಕ್ಕಸಿಗೆ ನಾನೇ ಹೋಗಿ, ಕೂತು, ಎದ್ದು ಬರಬೇಕಿತ್ತು. ಅಷ್ಟೇ.

ಮೊಮ್ಮಗಳು ಕೃಷ್ಣರಾಜಪುರದ ಆಚೆ ಒಂದು ಕಾಲೇಜಿನಲ್ಲಿ ಫಿಸಿಯೋಥೆರಪಿ ಓದುತ್ತಿದ್ದಳು. ಓದು ಮುಗಿಯುವ ಮುಂಚೆ ಯಾವುದಾದರೂ ಕ್ಲಿನಿಕ್ಕಿನಲ್ಲಿ ಕೈಕೆಳಗೆ ಇದ್ದು ಕೆಲಸ ಕಲಿಯಬೇಕು, ಅದಕ್ಕೆ ಇಂಟರ್ನ್‌ಶಿಪ್ ಅನ್ನುತ್ತಾರೆ. ಅವಳಿಗೆ ಇಂದಿರಾನಗರದಲ್ಲಿ ಒಂದು ಕ್ಲಿನಿಕ್ ಸಿಕ್ಕಿತು. ನನ್ನನ್ನೂ ಅಲ್ಲಿಗೇ ಆಟೋದಲ್ಲಿ ಕೂರಿಸಿಕೊಂಡು ಹೋದಳು.

ಅಲ್ಲಿ ಅವಳಿಗೆ ಏನು ಕಲಿಸಿದರು ಅಂತ ನಾನು ಮಲಗಿದಲ್ಲಿಂದಲೇ ನೋಡಿದೆ. ಮಂಚದ ಬಟ್ಟೆ ಬದಲಿಸುವುದು. ಶಾಖದ ಚೀಲವನ್ನು ಟವೆಲ್ಲಿನಲ್ಲಿ ಸುತ್ತಿ ಇಡುವುದು. ನೋವಿಗೆ ಜುಮುಜುಮು ಅನ್ನಿಸುವ ಒಂದು ಮೆಷೀನು, ಅಲ್ಲಿ ಎಲ್ಲರೂ ಅದನ್ನು ಕರೆಂಟ್ ಅಂತಲೇ ಅನ್ನುತ್ತಿದ್ದರು, ಅದರ ಪಟ್ಟಿ ಕಟ್ಟುವುದು, ಅದರ ಗಂಟೆ ಹೊಡೆದಾಗ ಬಿಚ್ಚುವುದು. ಕ್ಲಿನಿಕ್ಕಿನ ಯಜಮಾನನಿಗೆ ಎಲ್ಲರೂ ಸರ್ ಅನ್ನುತ್ತಿದ್ದರು. ಆ ಸರ್ ಬಂದು, ಮೊಣಕಾಲಿಗೆ ಎರಡು ಬೆರಳು ತಾಗಿಸಿ, ಗುಡ್ ಅಂದು ಹೋಗುತ್ತಿದ್ದ. ಅಷ್ಟಕ್ಕೆ ಅವನೂ ಡಾಕ್ಟರು.

ಇನ್ನೊಂದು ನಿಯಮ ಬೇರೆ. ಕ್ಲಿನಿಕ್ಕಿನೊಳಗೆ ನಂಟಸ್ತನ ತೋರಿಸಬಾರದು. ಮನೆಯಲ್ಲಿ ನನ್ನನ್ನು ಆಯಿ ಅನ್ನುವ ಹುಡುಗಿ ಅಲ್ಲಿ, “ಕಾಲು ಚಾಚಿ ಮೇಡಂ,” ಅಂದಳು. ಮೈ ಉರಿದುಹೋಯಿತು.

“ಯಾರಿಗೇ ಮೇಡಂ ಅಂತಿ? ನಿನ್ನ ಕುಂಡಿ ತೊಳದಾಕಿ ನಾನು.”

“ಆಯಿ, ಪ್ಲೀಸ್, ಮೆಲ್ಲಗೆ. ಸರ್ ಕೇಳಿಸ್ಕೊತಾರೆ.”

“ಕೇಳ್ಲಿ. ಅವನ ಕುಂಡೀನೂ ಯಾರರೆ ತೊಳದಿರ್ತಾರ.”

ಪಕ್ಕದ ಮಂಚದಲ್ಲಿದ್ದ ಸಾಹೇಬರು ನಕ್ಕುಬಿಟ್ಟರು. ಶಿವಾಜಿನಗರದಲ್ಲಿ ಬಟ್ಟೆ ಅಂಗಡಿ ಇಟ್ಟವರು, ಅವರದೂ ಮೊಣಕಾಲಿನ ರೋಗವೇ.

ಸ್ವಲ್ಪ ದಿನ ಶಾಖ, ಕರೆಂಟ್ ಆಯಿತು. ಕಾಲು ಕುರ್ಚಿಯಲ್ಲಿ ಕೂರುವಷ್ಟು ಮಡಚಿತು. ಒಂದು ದಿನ ಸರ್ ಬಂದು, “ಅಜ್ಜಿ, ಈ ವಯಸ್ಸಿಗೆ ಇಷ್ಟು ಬೆಂಡ್ ಸಾಕು. ಇನ್ನೆರಡು ಸಲ ಬನ್ನಿ, ಮುಗಿಸೋಣ,” ಅಂದ.

“ಕುಕ್ಕರಗಾಲ್ಲೆ ಕುಂದ್ರಾಕ ಬರವಲ್ದಲ್ರಿ.”

“ಅದನ್ನೆಲ್ಲ ಮರೆತುಬಿಡಿ. ಮನೇಲಿ ವೆಸ್ಟರ್ನ್ ಕಮೋಡ್ ಹಾಕಿಸ್ಕೊಳ್ಳಿ.”

“ಹಂಗ ಕುಂತ್ರ ಎಲುಬಿಗೆ ತೊಂದ್ರಿ ಐತೇನ್ರಿ?”

“ತೊಂದರೆ ಅಂತಲ್ಲ. ಬೇಕಾಗಲ್ಲ. ಯಾರ್ರೀ ಈಗ ಹಾಗೆ ಕೂರ್ತಾರೆ?”

ಯಾರು ಕೂರುತ್ತಾರಂತೆ! ಆ ಕ್ಲಿನಿಕ್ಕಿನ ಬಾಗಿಲು ಗುಡಿಸುವವಳು ಅದೇ ಹೊತ್ತಿಗೆ ಹೊರಗೆ ಹಾಗೇ ಕೂತು ಮೆಟ್ಟಿಲು ಒರೆಸುತ್ತಿದ್ದಳು.

“ನಾಲ್ಕು ಮನಿಗೆ ಒಂದು ಸಂಡಾಸ ಐತ್ರಿ. ನಿಮ್ಮ ಕಮೋಡ್ ಎಲ್ಲಿ ಹಾಕಿಸ್ಲಿ, ತಲಿ ಮ್ಯಾಲೆ?”

ಸಾಹೇಬರು ಮಲಗಿದಲ್ಲಿಂದಲೇ ಅಂದರು: “ಅರೆ ಅಮ್ಮಾ, ನಂಗೂ ಹಂಗೇ ಅಂದ್ರು. ನಮಾಜ್‌ಗೆ ಕುರ್ಚಿ ಹಾಕ್ಕೊಳ್ಳಿ, ಅಂಗಡಿ ಗಾದಿ ಬಿಟ್ಟು ಕುರ್ಚಿ ಹಾಕ್ಕೊಳ್ಳಿ. ನಾಳೆ ಕಬರ್‌ನಲ್ಲೂ ಕುರ್ಚಿ ಹಾಕಿಸಿ ಅಂತಾರೆ ನೋಡಿ.”

ಸರ್ ನಗಲಿಲ್ಲ. ನನ್ನ ಮೊಮ್ಮಗಳು ಗೋಡೆಯ ಕಡೆ ತಿರುಗಿಕೊಂಡು ಟವೆಲ್ ಮಡಚುತ್ತಿದ್ದಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು.

ಮನೆಗೆ ಬಂದ ಮೇಲೆ ಅವಳನ್ನು ಹಿಡಿದೆ. “ನಮ್ಮನಿ ಸಂಡಾಸ ಹೆಂಗೈತಿ ಅಂತ ನಿನಗ ಗೊತ್ತಿಲ್ಲೇನು? ದಿನಾ ನಸಕಿನ್ಯಾಗ ಪಾಳಿ ಹಚ್ಚಿ ನಿಲ್ಲಾಕಿ ನೀನೊ, ನಿಮ್ಮ ಸರ್ ಬಂದು ನಿಲ್ತಾನೊ?”

“ಕಾಲೇಜಲ್ಲಿ ಹೇಳ್ಕೊಟ್ಟಿದಾರೆ ಆಯಿ. ಪೇಷಂಟು ಮನೇಲಿ ಏನ್ ಮಾಡ್ಬೇಕು ಅಂತ ಮೊದ್ಲು ಕೇಳ್ಬೇಕು, ಆಮೇಲೆ ಎಕ್ಸರ್‌ಸೈಜ್ ಅಂತ. ಕೂರೋದನ್ನ ಹೆಂಗೆ ಕಲಿಸ್ಬೇಕು ಅಂತ್ಲೂ ಗೊತ್ತು. ಆದ್ರೆ ಅಲ್ಲಿ ನಾನು ಬರೀ ಹೆಲ್ಪರ್. ಬಾಯ್ಬಿಟ್ರೆ ಕಳಿಸ್ಬಿಡ್ತಾರೆ.”

“ಗೊತ್ತಿಲ್ಲದಾವ ಕತ್ತೆ. ಗೊತ್ತಿದ್ದೂ ಸುಮ್ಮನಿರಾಕಿ ಏನು? ನೀನ ಹೇಳು.”

ಅವಳು ಉಣ್ಣಲಿಲ್ಲ. ನಾನು ಉಂಡೆ.

ಮುಂದಿನ ಸಲ ಸರ್ ನನ್ನ ಮಂಚದ ಹತ್ತಿರ ಬಂದಾಗ ಹುಡುಗಿ ಬಾಯಿ ತೆರೆದಳು. “ಸರ್, ಇವ್ರ ಮನೇಲಿ ಇಂಡಿಯನ್ ಟಾಯ್ಲೆಟ್ಟೇ ಇರೋದು ಸರ್. ಕೂರೋದು ಪ್ರಾಕ್ಟೀಸ್ ಮಾಡಿಸ್ಬೋದಾ ಸರ್?”

“ನಿಮ್ಮನೆ ಕಕ್ಕಸು ನನ್ ಪ್ರಾಬ್ಲಂ ಅಲ್ಲಮ್ಮ. ನಿನ್ ಕೆಲಸ ಏನು? ಶಾಖ ಇಡೋದು, ತೆಗೆಯೋದು. ಹೋಗು, ಶೀಟ್ ಹಾಕು.”

ಅವಳು ಹೋಗಲಿಲ್ಲ. “ಕಲಿಸದೆ ಕಳಿಸಿದ್ರೆ ಇವ್ರು ಒಬ್ರೇ ಹೋಗಿ ಟ್ರೈ ಮಾಡಿ ಬಿದ್ದುಬಿಡ್ತಾರೆ ಸರ್.”

ಅದು ನಿಜ. ಮನೆಯವರು ಯಾರೂ ಇಲ್ಲದ ಹೊತ್ತು ನೋಡಿ ಹೋಗಬೇಕು ಅಂತ ನಾನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ. ಹುಡುಗಿಗೆ ಹೇಗೆ ಗೊತ್ತಾಯಿತೋ.

“ಬಚ್ಚಿ ಸರಿಯಾಗೇ ಹೇಳ್ತಾಳೆ ಡಾಕ್ಟರ್ ಸಾಬ್,” ಎಂದರು ಸಾಹೇಬರು.

ಬೇರೆ ಮಂಚದವರೂ ನೋಡುತ್ತಿದ್ದರು. ಸರ್ ಮುಖ ಬಿಗಿದುಕೊಂಡ. “ಮನೇಲಿ ಏನ್ ಬೇಕಾದ್ರೂ ಮಾಡ್ಕೊಳ್ಳಿ. ಬಿದ್ರೆ ನನ್ನ ಕೇಳ್ಬೇಡಿ.”

ಮರುದಿನದಿಂದ ಅವಳನ್ನು ಹಿಂದಿನ ಕೋಣೆಗೆ ಹಾಕಿದರು. ಇಂಟರ್ನ್‌ಶಿಪ್ ಮುಗಿಯುವವರೆಗೆ ಟವೆಲ್ ಒಗೆಯುವುದು, ಶೀಟ್ ಒಣಗಿಸುವುದು. ಒಬ್ಬ ರೋಗಿಯ ಕಾಲನ್ನೂ ಮುಟ್ಟಲು ಬಿಡಲಿಲ್ಲ. ನಾವು ಕೂಲಿ ಜನ, ಬಟ್ಟೆ ಒಗೆಯುವುದನ್ನು ಕಲಿಯಲು ನಮ್ಮ ಹುಡುಗಿ ಇಂದಿರಾನಗರದವರೆಗೆ ಹೋಗಬೇಕಿರಲಿಲ್ಲ. ಆ ಮನುಷ್ಯನ ಮೇಲೆ ನನಗಿದ್ದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ನನಗೆ ಮನೆಯಲ್ಲೇ ಪಾಠ ಶುರುವಾಯಿತು. ಮಗ ಕೆಲಸದ ಜಾಗದಿಂದ ಇಟ್ಟಿಗೆ ತಂದ. ಮೊಮ್ಮಗಳು ಅದನ್ನು ಮಂಡಿಯೆತ್ತರಕ್ಕೆ ಪೇರಿಸಿ, ಮೇಲೆ ಗೋಣಿ ಹಾಸಿ, ನನ್ನ ಕೈಗೆ ಬಾಗಿಲ ಚೌಕಟ್ಟು ಹಿಡಿಸಿದಳು. ಕೂತು ಏಳಬೇಕು. ಅಷ್ಟು ಎತ್ತರ ಸಲೀಸಾದಾಗ ಒಂದು ವರಸೆ ಇಟ್ಟಿಗೆ ತೆಗೆಯುತ್ತಾಳೆ. ಮತ್ತೆ ಕೂತು ಏಳಬೇಕು. ಮೊಣಕಾಲಿನೊಳಗೆ ಯಾರೋ ಗರಗಸ ಎಳೆದಂತೆ ಆಗುತ್ತಿತ್ತು. ನಾನು ಅವಳ ಹುಟ್ಟು, ಅವಳ ಕಾಲೇಜು, ಅವಳ ಸರ್, ಒಂದನ್ನೂ ಬಿಡದೆ ಬೈದೆ.

“ಹಿಮ್ಮಡಿ ಎತ್ಬೇಡಿ ಮೇಡಂ,” ಅನ್ನುತ್ತಿದ್ದಳು, ಬೇಕಂತಲೇ. ನಗು ಬರುತ್ತಿತ್ತು. ತೋರಿಸುತ್ತಿರಲಿಲ್ಲ.

ಕಕ್ಕಸಿನ ಗೋಡೆಗೆ ಮಗ ಒಂದು ಕಬ್ಬಿಣದ ಪೈಪು ಕೂರಿಸಿದ, ಹಿಡಿದು ಏಳಲು. ವಠಾರದ ಓನರು ಓಡಿಬಂದ. “ಯಾರನ್ ಕೇಳಿ ಗೋಡೆ ತೂತು ಮಾಡಿದ್ರಿ?”

“ನಿಮಗೂ ವಯಸ್ಸಾಗ್ತೈತ್ರಿ. ಆಗ ಬಂದು ಹಿಡ್ಕೊಳ್ರಿ,” ಅಂದೆ. ಗೊಣಗಿಕೊಂಡು ಹೋದ.

ಕೊನೆಯ ವರಸೆ ಇಟ್ಟಿಗೆಯೂ ಹೋದ ಮೇಲೆ, ಒಂದು ಬೆಳಿಗ್ಗೆ, ನಾನೇ ಚೆಂಬು ತುಂಬಿಕೊಂಡು ಹಿತ್ತಲಿಗೆ ಹೋದೆ. ಮೊಮ್ಮಗಳು ಹಿಂದೆಯೇ ಬಂದಳು, ಬಾಗಿಲ ಹತ್ತಿರ ನಿಂತಿರುತ್ತೇನೆ ಅಂದಳು. “ಏನು ನೋಡಾಕ? ನಡಿ, ಬಸ್ ತಪ್ತೈತಿ,” ಅಂತ ಅಟ್ಟಿದೆ.

ಒಳಗಿನಿಂದ ಚಿಲಕ ಹಾಕಿದೆ. ಪೈಪು ಹಿಡಿದು ಇಳಿದೆ. ಮೊಣಕಾಲು ಲಟಕ್ ಅಂದಿತು, ಕಣ್ಣಲ್ಲಿ ನೀರು ಬಂತು, ಹಿಮ್ಮಡಿ ಮಾತ್ರ ನೆಲ ಬಿಡಲಿಲ್ಲ. ಕೂತೆ.

ಪಕ್ಕದ ಮನೆಯವನು ಬಂದು ಬಾಗಿಲು ಬಡಿದ. “ಅಜ್ಜೀ, ಒಳಗೇ ಮಲಗಿಬಿಟ್ರಾ? ನಂಗೆ ಡ್ಯೂಟಿಗೆ ಲೇಟಾಗುತ್ತೆ!”

“ಆಗ್ಲಿ,” ಅಂದೆ. ಕೆಲಸ ಮುಗಿದಿತ್ತು. ಆದರೂ ಇನ್ನಷ್ಟು ಹೊತ್ತು ಅಲ್ಲೇ ಕೂತಿದ್ದೆ.