ಎದುರಿಗೆ ಬಂದ ಹಡಗು

ಹೆಬ್ಬಾಳದ ಮೇಲ್ಸೇತುವೆ ಮೇಲೆ ಬಸ್ಸು ನಿಂತು ಅರ್ಧ ಗಂಟೆಯಾಗಿತ್ತು. ಪಕ್ಕದ ಸೀಟಿನ ಹೆಂಗಸು ಬ್ಯಾಗಿನಿಂದ ನಿಂಬೆಹಣ್ಣು ತೆಗೆದು, ಉಗುರಿನಿಂದ ಕೆರೆದು ಮೂಸತೊಡಗಿದರು. ಆ ವಾಸನೆಗೆ ನನಗೆ ಸಮುದ್ರ ನೆನಪಾಯಿತು. ಯಲಹಂಕದವನಿಗೆ ಎಲ್ಲಿಯ ಸಮುದ್ರ ಎಂದು ನಿಮಗೆ ನಗು ಬರಬಹುದು. ಇತ್ತು ಕಣ್ರೀ, ಒಂದೇ ಒಂದು ಸಲ.

ನನ್ನ ಅಕ್ಕ ಸಾವಿತ್ರಿ ನರ್ಸ್ ಕೆಲಸ ಸಿಕ್ಕಿ ಅಂಡಮಾನಿನ ಒಂದು ಮೂಲೆ ದ್ವೀಪ ಸೇರಿದ್ದಳು. ಭಾವ ಅಲ್ಲೇ ಶಾಲೆಯ ಮೇಷ್ಟ್ರು. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರಬೇಕು. ಡಾಕ್ಟರು ಅಷ್ಟು ದೂರದ ಪ್ರಯಾಣ ಬೇಡವೆಂದರು. ಹಾಗಾಗಿ ತವರೇ ಹೊರಟಿತು, ಅಂದರೆ ಅಮ್ಮ ಮತ್ತು ನಾನು. ಪುಟ್ಟೇನಹಳ್ಳಿ ಕೆರೆಗಿಂತ ದೊಡ್ಡ ನೀರನ್ನು ಅಮ್ಮ ಕಂಡವಳಲ್ಲ. ಅವಳ ಚೀಲದಲ್ಲಿ ಬೆಳ್ಳುಳ್ಳಿ, ಓಮ, ಹರಳೆಣ್ಣೆ, ಸಾಂಬ್ರಾಣಿ, ಒಂದು ಡಬ್ಬಿ ತುಂಬ ಕೊಬ್ಬರಿ ಬೆಲ್ಲದ ಉಂಡೆ. ನನ್ನ ಜೇಬಿನಲ್ಲಿ ಹಡಗಿನ ವೇಳಾಪಟ್ಟಿ. ಆಗಷ್ಟೇ ಡಿಗ್ರಿ ಮುಗಿಸಿದ್ದೆ. ಮನೆಗೆಲ್ಲ ನಾನೇ ತಿಳಿದವನು.

ಅಂಡಮಾನಿನ ದೊಡ್ಡ ಊರಿನವರೆಗೆ ವಿಮಾನ, ಅಲ್ಲಿಂದ ಅಕ್ಕನ ದ್ವೀಪಕ್ಕೆ ಹಡಗು. ಧಕ್ಕೆಯಲ್ಲಿ ಗಾಳಿ ಜೋರಾಗಿ ಎರಡು ದಿನ ಹಡಗು ಬಿಡಲಿಲ್ಲ. ಮೂರನೇ ಬೆಳಗ್ಗೆ ಬಿಟ್ಟಾಗ ನೂಕುನುಗ್ಗಲು. ಅಲ್ಲಿಯವರಿಗೆ ಹಡಗೆಂದರೆ ಸಿಟಿ ಬಸ್ಸು. ಕೋಳಿ, ಫ್ಯಾನು, ಅಕ್ಕಿ ಮೂಟೆ ಎಲ್ಲವೂ ಹತ್ತುತ್ತವೆ.

"ಸಾವಿತ್ರೀಗೆ ಒಂದ್ಸಲ ಪೋನ್ ಮಾಡ್ಲಾ," ಅಂದಳು ಅಮ್ಮ.

"ಸಾಯಂಕಾಲ ಅವಳ ಮನೇಲೇ ಇರ್ತೀವಿ. ಈ ಗದ್ದಲದಲ್ಲಿ ಏನೂ ಕೇಳ್ಸಲ್ಲ, ಕ್ಯೂ ಬಿಟ್ಟು ಆಚೆ ಹೋದ್ರೆ ಹಡಗು ಹೋಗುತ್ತೆ ಅಷ್ಟೆ."

ಫೋನ್ ಮಾಡಲಿಲ್ಲ. ಹಡಗು ಹೊರಟ ಮೇಲೆ ಸಿಗ್ನಲ್ಲೂ ಇರಲಿಲ್ಲ.

ದಾರಿಯುದ್ದಕ್ಕೂ ಅಮ್ಮ ನಿಂಬೆಹಣ್ಣು ಮೂಸಿದಳು, ನಾನು ವಾಂತಿ ಮಾಡಿದೆ. ನಡುಮಧ್ಯಾಹ್ನ ದ್ವೀಪದ ಕಡೆಯಿಂದ ಇನ್ನೊಂದು ಹಡಗು ಎದುರಾಯಿತು. ಅಮ್ಮ ಎದ್ದು ನಿಂತು ಸೆರಗು ಬೀಸಿದಳು.

"ಯಾರಿಗಮ್ಮಾ?"

"ಯಾರಿಗೋ. ಅವರೂ ಊರಿಗೆ ಓಗ್ತಾವ್ರಲ್ಲ, ಒಳ್ಳೇದಾಗ್ಲಿ."

ಆ ಹಡಗಿನಲ್ಲಿ ಅಕ್ಕ ಇದ್ದಳು. ನಮಗೆ ತಿಳಿದದ್ದು ಸಂಜೆ, ಬೀಗ ಹಾಕಿದ ಮನೆಯ ಮುಂದೆ. ಪಕ್ಕದ ಮನೆಯ ಬಂಗಾಳಿ ಹುಡುಗಿ ತನ್ನ ಹತ್ತು ದಿನದ ಕೂಸನ್ನು ಎತ್ತಿಕೊಂಡು ಬಂದು ಹಿಂದಿಯಲ್ಲಿ ಹೇಳಿದಳು: ಬೆಳಗ್ಗೆ ಅಕ್ಕನಿಗೆ ಬಿಪಿ ಏರಿತು, ಭಾವ ಹಡಗಿನಲ್ಲಿ ದೊಡ್ಡ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ವಾಪಸ್ ಹಡಗು ಇನ್ನು ಎರಡು ದಿನಕ್ಕೆ.

ಅಮ್ಮ ಮೆಟ್ಟಿಲ ಮೇಲೆ ಕೂತವಳು ಏಳಲೇ ಇಲ್ಲ. ನನ್ನನ್ನು ಬಯ್ಯಲೂ ಇಲ್ಲ, ಬಯ್ದಿದ್ದರೆ ಚೆನ್ನಾಗಿತ್ತು. ಕತ್ತಲಾಗುವ ಹೊತ್ತಿಗೆ ಭಾವನ ಫೋನ್ ಬಂತು: ಹೆಣ್ಣು ಮಗು, ಇಬ್ಬರೂ ಕ್ಷೇಮ. ಅಮ್ಮ ಆಗ ಅತ್ತಳು. ಆ ಹುಡುಗಿಯೇ ನಮಗೆ ಅನ್ನ ಹಾಕಿ, ಚಾಪೆ ಕೊಟ್ಟಳು. ಗಂಡ ಮೀನಿಗೆ ಹೋಗಿದ್ದ. ಮನೆಯಲ್ಲಿ ಹಿರಿಯರು ಯಾರೂ ಇರಲಿಲ್ಲ.

ಬೆಳಗ್ಗೆ ಎದ್ದರೆ ಅಮ್ಮ ಅವರ ಹಿತ್ತಲಿನಲ್ಲಿ ಕಾಲು ಚಾಚಿ ಕೂತಿದ್ದಾಳೆ. ಮೊಣಕಾಲ ಮೇಲೆ ಮೈತುಂಬ ಎಣ್ಣೆ ಹಚ್ಚಿಸಿಕೊಂಡ ಆ ಕೂಸು, ಪಕ್ಕದಲ್ಲಿ ಬಿಸಿನೀರು.

"ಅಮ್ಮಾ, ಯಾರದೋ ಮಗು. ಏನಾದ್ರೂ ಆದ್ರೆ?"

"ಏನಾಯ್ತದೆ? ನೀರುಯ್ಯಕ್ಕೆ ಅಂತ್ಲೇ ಇಷ್ಟ್ ದೂರ ಬಂದಿವ್ನಿ. ಸುಮ್ನೆ ಎಂಗ್ಲಾ ಕೂತ್ಕೊಳ್ಳಾದು? ಸಾಂಬ್ರಾಣಿ ತತ್ತಾ."

ಎರಡು ದಿನ ಅಮ್ಮ ಪುಟ್ಟೇನಹಳ್ಳಿ ಕನ್ನಡದಲ್ಲಿ, ಆ ಹುಡುಗಿ ಬಂಗಾಳಿಯಲ್ಲಿ ಮಾತಾಡಿಕೊಂಡರು. ಹಿಂದಿ ಬಲ್ಲ ನನ್ನನ್ನು ಯಾರೂ ಕೇಳಲಿಲ್ಲ. ಹೊರಡುವಾಗ ಅರ್ಧ ಡಬ್ಬಿ ಉಂಡೆ ಅಲ್ಲೇ ಉಳಿಯಿತು.

ಆಸ್ಪತ್ರೆಯಲ್ಲಿ ಅಕ್ಕನ ಮಗು ಪಕ್ಕದ ಮಂಚದವರ ಜೊತೆಗೆ ಬಂದಿದ್ದ ಒಬ್ಬ ನಿಕೋಬಾರಿ ಅಜ್ಜಿಯ ತೋಳಲ್ಲಿ ಮಲಗಿತ್ತು. ಅಕ್ಕನಿಗೆ ಗಂಜಿ ಕುಡಿಸಿದ್ದೂ, ರಾತ್ರಿ ಮಗು ಅತ್ತಾಗ ಎತ್ತಿಕೊಂಡಿದ್ದೂ ಅವರೇ. ಅಮ್ಮ ಮೊಮ್ಮಗಳನ್ನು ಕೇಳಲಿಲ್ಲ. ಮೊದಲು ಆ ಅಜ್ಜಿಯ ಎರಡೂ ಕೈ ಹಿಡಿದುಕೊಂಡಳು. ಆಮೇಲೆ ಉಳಿದ ಉಂಡೆಯಲ್ಲಿ ಎರಡನ್ನು ಅಕ್ಕನಿಗೆ ಕೊಟ್ಟು, ಡಬ್ಬಿಯನ್ನೇ ಅಜ್ಜಿಯ ಮಡಿಲಿಗಿಟ್ಟಳು.

ಆ ಒಂದು ಫೋನ್ ಮಾಡಿದ್ದರೆ ಅಮ್ಮ ಮಗಳ ಜೊತೆಗಿರುತ್ತಿದ್ದಳು. ವರ್ಷಗಟ್ಟಲೆ ಇದು ನನ್ನನ್ನು ಚುಚ್ಚಿದೆ, ಬಾಯಿಬಿಟ್ಟು ಹೇಳಿರಲಿಲ್ಲ. ಮೊನ್ನೆ, ಆ ಮೇಲ್ಸೇತುವೆ ಮೇಲೆ ಬಸ್ಸು ಕದಲದೆ ನಿಂತಿದ್ದಾಗ, ಅಮ್ಮನಿಗೆ ಫೋನ್ ಮಾಡಿ ಹೇಳಿಯೇಬಿಟ್ಟೆ.

"ಅದುಕ್ಕೇನೀಗ? ನೀನ್ ಪೋನ್ ಮಾಡಿದ್ರೆ ಆ ಕೂಸ್ಗೆ ನೀರುಯ್ಯೋರು ಯಾರಿದ್ರು?"

"ಅದು ಈಗ ಎಷ್ಟು ದೊಡ್ಡದಾಗಿರಬಹುದಮ್ಮಾ?"

"ಎಂಟ್ನೇ ಕ್ಲಾಸು," ಅಂದಳು ಥಟ್ಟನೆ, ನಿನ್ನೆಯಷ್ಟೇ ನೋಡಿ ಬಂದವಳಂತೆ. "ನಮ್ ಸಾವಿತ್ರಿ ಪುಟ್ಟಿಗಿಂತ ಬರೀ ಅತ್ತು ದಿನ ಕಣ್ಲಾ ದೊಡ್ಡದು."